ಅಕ್ಕನ ಸಾಲಿ ಬಟ್ಟಲು

ನನಗೆ ಸೋಲುವುದೆಂದರೆ ಮೈಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಬಾಗಲಕೋಟೆಯ ಹಳೆ ಊರಿನ ನಮ್ಮ ಮಾಳಿಗೆ ಮನೆಯಲ್ಲಿ, ನಾನೂ ನನ್ನ ಅಕ್ಕನೂ ಒಂದು ಆಟ ಆಡುತ್ತಿದ್ದೆವು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನಾವೇ ಕಟ್ಟಿಕೊಂಡದ್ದು. ಅದಕ್ಕೆ ರಾಜ್ಯದಾಟ ಎಂದು ಹೆಸರಿಟ್ಟಿದ್ದೆವು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಚಿಕ್ಕಂದಿನ ಜ್ವರದಲ್ಲಿ ಅವಳ ಬಲಗಾಲು ಸೊರಗಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಇಡೀ ಶಾಲೆಗೆ ಮೊದಲನೆಯವಳಾಗಿ ಪಾಸಾದಳು. ಆದರೆ ಹೈಸ್ಕೂಲು ದೂರ. "ಕುಂಟಕೋಂತ ಹೋಗಿ ಏನ್ ಕಡದು ಗುಡ್ಡಿ ಹಾಕೋದೈತಿ?" ಎಂದು ಅಪ್ಪ ಶಾಲೆ ಬಿಡಿಸಿದ. ಅಂದಿನಿಂದ ಅವಳು ಕಿಟಕಿಯ ಬಳಿ ಕೈಮಷೀನು ಇಟ್ಟುಕೊಂಡು ಓಣಿಯ ಹೆಂಗಸರ ಕುಬಸ ಹೊಲಿಯುತ್ತ ಕೂತಳು.

ಪಡಸಾಲೆಯ ಹಾಸುಗಲ್ಲುಗಳೇ ನಮ್ಮ ನಾಡುಗಳು. ಒಂದೊಂದು ಕಲ್ಲಿಗೆ ಒಂದೊಂದು ಊರು. ಪ್ರತಿ ಪಾಳಿಗೆ, ಎಷ್ಟು ಊರು ಕೈಯಲ್ಲಿವೆಯೋ ಅಷ್ಟು ಹುಣಸೆಬೀಜ. ಅವನ್ನು ಮೂರು ಹಿತ್ತಾಳೆ ಬಟ್ಟಲುಗಳಲ್ಲಿ ಹಂಚಬೇಕು: ಒಂದು ದಂಡಿಗೆ, ಒಂದು ಕಾಳು ತುಂಬುವ ಹಗೇವಿಗೆ, ಒಂದು ಸಾಲಿಗೆ, ಅಂದರೆ ಶಾಲೆಗೆ. ಸಾಲಿ ಬಟ್ಟಲಿನಲ್ಲಿ ಹನ್ನೆರಡು ಬೀಜ ಕೂಡಿದರೆ ಹೊಸ ವಿದ್ಯೆಯೊಂದು ಸಿಗುತ್ತದೆ. ಗಾಲಿ, ಕಬ್ಬಿಣ, ಮದ್ದುಗುಂಡು, ಉಗಿಯಂತ್ರ, ಹೀಗೆ. ಆದರೆ ಅಕ್ಕ ಮಾಡಿದ ಒಂದು ಕರಾರು ಇತ್ತು. ಬೀಜ ಇದ್ದರೆ ಸಾಲದು, ಆ ವಿದ್ಯೆ ಹೇಗೆ ನಡೆಯುತ್ತದೆ ಎಂದು ಎದುರಿನವರಿಗೆ ಬಿಡಿಸಿ ಹೇಳಬೇಕು.

"ಹೇಳಾಕ ಬರಲಿಲ್ಲಂದ್ರ ಅದು ನಿಂದಲ್ಲ," ಎನ್ನುತ್ತಿದ್ದಳು.

ನನಗೆ ನೆಲದ ಹಸಿವು. ಬಾಗಲಕೋಟೆ, ಕಮತಗಿ, ಹುನಗುಂದ, ಇಳಕಲ್ಲು ಎಲ್ಲ ನನ್ನವೇ. ಬಂದ ಬೀಜವೆಲ್ಲ ದಂಡಿಗೆ. ಅವಳ ಹತ್ತಿರ ಬಾದಾಮಿಯೊಂದೇ ಉಳಿದಿತ್ತು. "ಕಲ್ಲು ತಿಂದು ಬದುಕು," ಎಂದು ಕಾಡಿಸುತ್ತಿದ್ದೆ. ಅವಳು ನಕ್ಕು, ಪಾಳಿಗೆ ಒಂದರಂತೆ ಬೀಜವನ್ನು ಸಾಲಿ ಬಟ್ಟಲಿಗೇ ಹಾಕುತ್ತಿದ್ದಳು. ನಾನು ಹೈಸ್ಕೂಲಿಗೆ ಹೋಗದ ದಿನ ನನ್ನ ವಿಜ್ಞಾನದ ಪುಸ್ತಕ ಅವಳ ತೊಡೆಯ ಮೇಲಿರುತ್ತಿತ್ತು. ಉಗಿಯಂತ್ರವನ್ನು ಅವಳು ಬಿಡಿಸಿ ಹೇಳಿದ್ದು ಚಹದ ಪಾತ್ರೆಯ ಮುಚ್ಚಳ ತೋರಿಸಿ. ನಾನು ಅದೇ ಪಾಠವನ್ನು ಬಾಯಿಪಾಠ ಮಾಡಿ ಮಾರ್ಕು ತೆಗೆದವನು, ತಿಳಿದದ್ದು ಮಾತ್ರ ಅವತ್ತು.

ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಅವಳು ಪಂದ್ಯ ಕಟ್ಟಿದಳು.

"ನಿನ್ನ ಬಾಗಲಕೋಟಿ ನಾ ತಗೊಂಡ್ರ, ನನಗ ಎಸ್ಸೆಸ್ಸೆಲ್ಸಿ ಎಕ್ಸ್‌ಟರ್ನಲ್ ಫಾರ್ಮ್ ತಂದಕೊಡಬೇಕು. ಅಪ್ಪಗೂ ನೀನ ಒಪ್ಪಸಬೇಕು."

"ತಗೊಂಡಾಗಿನ ಮಾತು," ಎಂದೆ. ಬಾಗಲಕೋಟೆಯ ಕಲ್ಲಿನ ಮೇಲೆ ನನ್ನ ನಲವತ್ತು ಬೀಜದ ದಂಡು ಕೂತಿತ್ತು.

ಒಂದು ವಾರ ಕಳೆದಿರಬೇಕು. ಮಳೆಗಾಲ ಮುಗಿದು ಬಿಸಿಲು ಕಾದಿತ್ತು. ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದೆ. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಒಳಗೆ ಕಾಲಿಟ್ಟವನಿಗೆ ಮನೆ ಬೇರೆಯವರದು ಅನ್ನಿಸಿತು. ಪಡಸಾಲೆಯ ನಾಲ್ಕೂ ಗೋಡೆಗಳ ಸುತ್ತ ಕೆಮ್ಮಣ್ಣಿನ ಒಂದು ಗೆರೆ ಓಡಿತ್ತು. ಬಾಗಿಲ ಚೌಕಟ್ಟಿನ ಮೇಲೆ, ದೀಪದ ಮಾಡದ ಮೇಲೆ, ಗಿಳಿಗೂಟದ ಕೆಳಗೆ, ಎಲ್ಲೂ ಒಂದು ಕೂದಲೆಳೆ ಏರದೆ ಇಳಿಯದೆ. ಗೋಡೆ ಸೊಟ್ಟ ಇದ್ದಲ್ಲಿ ಸಹ ಗೆರೆ ಸೊಟ್ಟ ಇರಲಿಲ್ಲ. ಹತ್ತಿರ ಹೋಗಿ ನಿಂತೆ. ಅದು ಸರಿಯಾಗಿ ನನ್ನ ಮೂಗಿನ ಮಟ್ಟಕ್ಕಿತ್ತು.

"ಅಕ್ಕಾ, ಏನಿದು?"

ಅವಳು ಹೊಲಿಗೆ ಬಿಟ್ಟು ಏಳಲಿಲ್ಲ. ಸಾಲಿ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಹನ್ನೆರಡು ಬೀಜ.

"ನೀರು ನಿಂದ್ರಸೋ ವಿದ್ಯೆ. ನಿನ್ನ ಊರು ಮುಳುಗಿತು, ತಮ್ಮಾ. ದಂಡಿಗೆ ಈಜು ಬರತೈತೇನು?"

ಕೃಷ್ಣೆಗೆ ಆಣೆಕಟ್ಟು ಕಟ್ಟುತ್ತಾರೆ, ನೀರು ಹಿಂದಕ್ಕೆ ಸರಿದು ಘಟಪ್ರಭೆಯ ದಂಡೆಯ ನಮ್ಮ ಊರು ಮುಳುಗುತ್ತದೆ ಎನ್ನುವುದು ಕೇಳಿ ಕೇಳಿ ಹಳಸಿದ ಸುದ್ದಿ. ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅಕ್ಕ ಆ ಗೆರೆಯನ್ನು ಹೇಗೆ ಕಂಡುಹಿಡಿದಳೆಂದು ಬಿಡಿಸಿ ಹೇಳುತ್ತಲೇ ಇದ್ದಳು. ನಾನು ಒಂದು ಮಾತೂ ಕೇಳಲಿಲ್ಲ. ಗೆರೆಯನ್ನೇ ನೋಡುತ್ತಿದ್ದೆ. ಮೂಗಿನ ಹೊರಳೆ ತಂಪಾದಂತಾಗಿ ಉಸಿರು ಬಿಗಿಹಿಡಿದಿದ್ದೆ.

ಫಾರ್ಮ್ ತಂದೆ, ಅದು ಖರೆ. ಮರುದಿನವೇ ತಂದೆ. ಆದರೆ ದಾರಿಯಲ್ಲಿ ಲೆಕ್ಕ ಹಾಕಿದೆ: ಅವಳೂ ಇದೇ ವರ್ಷ ಪರೀಕ್ಷೆಗೆ ಕಟ್ಟಿದರೆ, ನನ್ನ ಪುಸ್ತಕವನ್ನೇ ಓದಿ ನನಗಿಂತ ಹೆಚ್ಚು ಮಾರ್ಕು ತೆಗೆಯುತ್ತಾಳೆ. ಓಣಿಯೆಲ್ಲ ಆಡಿಕೊಳ್ಳುತ್ತದೆ. ಅಸೂಯೆಗೆ ಬೇರೆ ಹೆಸರು ಕೊಡಲು ಬಹಳ ವರ್ಷ ಹೆಣಗಿದ್ದೇನೆ, ಆಗಿಲ್ಲ. ಫಾರ್ಮನ್ನು ಎರಡು ಮಡಿಕೆ ಮಾಡಿ, ಗೋಡೆಯ ಮೇಲಿನ ಲಕ್ಷ್ಮಿಯ ಫೋಟೋದ ಹಿಂದೆ ಸಿಕ್ಕಿಸಿದೆ.

"ಈ ವರ್ಷ ಫಾರ್ಮ್ ಮುಗದಾವಂತ. ಮುಂದಿನ ವರ್ಷ ನೋಡೂಣು," ಎಂದೆ.

ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆತು. ನಾ ನನ್ನ ಆಟ ಆಡೇನಿ. ಪಾಳಿ ನಿಂದು," ಎಂದಳು. ನಾನು ಮತ್ತೆ ಆಟಕ್ಕೆ ಕೂರಲಿಲ್ಲ.

ಆಮೇಲೆ ಆ ಮನೆಯಲ್ಲಿ ನಾವೆಲ್ಲ ಗೆರೆಯ ಕೆಳಗೆ ಬದುಕಿದೆವು. ಅಪ್ಪ ಬೈದು, ದೀಪಾವಳಿಗೆ ಸುಣ್ಣ ಹೊಡೆಸಿದ. ಹಸಿ ಇರುವಷ್ಟು ಹೊತ್ತು ಗೋಡೆ ಬೆಳ್ಳಗಿತ್ತು, ಒಣಗುತ್ತ ಬಂದಂತೆ ಗೆರೆ ಒಳಗಿನಿಂದ ಮೆಲ್ಲಗೆ ಮೇಲೆ ಬಂತು. ಮರುವರ್ಷವೂ ಹಾಗೆಯೇ. ಅವ್ವ ಯಾರಿಗೂ ಏನೂ ಹೇಳದೆ, ದೇವರ ಫೋಟೋಗಳನ್ನು ಒಂದೊಂದಾಗಿ ಗೆರೆಗಿಂತ ಮೇಲಕ್ಕೆ ಏರಿಸಿ ಮೊಳೆ ಹೊಡೆದಳು. ಸ್ಟೂಲು ಹತ್ತದೆ ದೇವರಿಗೆ ಹೂವು ಮುಡಿಸಲಾಗುತ್ತಿರಲಿಲ್ಲ. ಪಕ್ಕದ ಮನೆಯ ಖಾಲಾ ಕುಬಸ ಒಯ್ಯಲು ಬಂದವರು ಗೆರೆ ನೋಡಿ, "ನಮ್ಮ ಮನ್ಯಾಗ ಎಲ್ಲಿಗೆ ಬರತೈತವಾ?" ಎಂದು ಮೆಲ್ಲಗೆ ಕೇಳಿದರು. "ನಿಮ್ಮದು ತಗ್ಗಿನಾಗೈತ್ರಿ. ಅಲ್ಲಿ ಗೆರಿ ಹಾಕಾಕ ಗ್ವಾಡಿ ಸಾಲಂಗಿಲ್ಲ," ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತ. ಖಾಲಾ ಅವತ್ತು ಚಹ ಕುಡಿಯದೆ ಹೋದರು.

ನಾನು ಎತ್ತರವಾದೆ. ಗೆರೆ ಮೂಗಿನಿಂದ ಗದ್ದಕ್ಕೆ ಇಳಿಯಿತು. ಆದರೂ ಪಡಸಾಲೆ ದಾಟುವಾಗ ಗೊತ್ತಿಲ್ಲದೆ ಮುಖ ಮೇಲೆತ್ತಿ ನಡೆಯುತ್ತಿದ್ದೆ. ನೆಂಟರು ಕೇಳಿದರೆ ಕುತ್ತಿಗೆ ನೋವು ಎನ್ನುತ್ತಿದ್ದೆ.

ಕಲಿತು ಹುನಗುಂದದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹಿಡಿದು ಮನೆಗೆ ಬರುತ್ತಿದ್ದೆ. ನಾನು ಹೊಸ್ತಿಲು ದಾಟುತ್ತಲೂ ಅಕ್ಕ ಸಾಲಿ ಬಟ್ಟಲಿಗೆ ಒಂದು ಬೀಜ ಹಾಕುತ್ತಿದ್ದಳು. ಟಣ್ ಎನ್ನುತ್ತಿತ್ತು. ಬಟ್ಟಲು ತುಂಬಿದ ಮೇಲೆ ಆ ಸದ್ದು ನಿಂತಿತು, ಬೀಜದ ಮೇಲೆ ಬೀಜ ಬಿದ್ದ ಸಪ್ಪೆ ಸದ್ದು ಶುರುವಾಯಿತು. ಅವಳು ಏನನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಸುಳ್ಳು ಹೇಳಿ ನಿರುಮ್ಮಳವಾಗಬಹುದಿತ್ತು. ಆ ಸದ್ದಿಗೆ ಹೆದರಿ ಎಷ್ಟೋ ಶನಿವಾರ ಊರಿಗೆ ಹೋಗದೆ ಹುನಗುಂದದಲ್ಲೇ ಉಳಿದಿದ್ದೇನೆ.

ಆ ಗೆರೆ ಎಳೆದು ಎಂಟು ವರ್ಷವಾಗಿತ್ತು. ಒಂದು ಶನಿವಾರ ನಾನು ಮನೆಗೆ ಬಂದಾಗ ಬಾಗಿಲಲ್ಲಿ ಅಳತೆಯವರು ನಿಂತಿದ್ದರು. ಮುಳುಗುವ ಮನೆಗಳಿಗೆ ಗುರುತು ಹಾಕಲು ಬಂದವರು. ಓಣಿಯಲ್ಲಿ ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಒಳಗೆ ಉದ್ದನೆಯ ಅಳತೆಗೋಲು ಹಿಡಿದು, ಸಾಹೇಬರು ಒಂದು ಅಂಕಿ ಕೂಗಿದರು. ಆಳೊಬ್ಬ ಗೋಡೆಗೆ ನೀಲಿ ಬಣ್ಣದ ಕುಂಚ ಇಟ್ಟ. ಇಟ್ಟವನು ಹಾಗೇ ನಿಂತ.

ಸಾಹೇಬರು ಒಳಗೆ ಬಂದು ನೋಡಿದರು. ನೀಲಿ ಗೆರೆಗೂ, ಸುಣ್ಣದೊಳಗಿನ ಕೆಂಪು ಗೆರೆಗೂ ಒಂದು ಬೆರಳಿನ ಅಂತರ.

"ಇದನ್ನ ಯಾರು ಹಾಕಿದ್ದು?" ದಕ್ಷಿಣದ ಕಡೆಯ ಮಾತು ಅವರದು.

ಅಪ್ಪ ಅವ್ವನ ಮುಖ ನೋಡಿದ. ಅವ್ವ ನೆಲ ನೋಡಿದಳು. ಅಕ್ಕ ಮಷೀನಿನ ಹಿಂದಿನಿಂದ, "ನಮ್ಮ ತಮ್ಮ ರೀ. ಮಾಸ್ತರ ಅದಾನ," ಎಂದಳು.

ನಾನು ಅಲ್ಲ ಎನ್ನಲಿಲ್ಲ. ಇವತ್ತಿಗೂ ನಾಚಿಕೆ ತರುವುದು ಅದೇ. ಸಾಹೇಬರು ಖುಷಿಯಿಂದ ನನ್ನ ಭುಜ ತಟ್ಟಿ, "ಹೇಗೆ ಹಾಕಿದ್ರಿ? ಯಾವ ಸಾಧನ ಇತ್ತು ನಿಮ್ಮ ಹತ್ತಿರ?" ಎಂದರು.

ಬಾಯಿ ತೆರೆದೆ. ಗೆರೆ ಗದ್ದದ ಹತ್ತಿರ ಇತ್ತು, ಮೂಗಿನವರೆಗೆ ಏರಿ ಬಂದಂತಾಯಿತು.

"ಹೇಳು, ಮಾಸ್ತರ," ಎಂದಳು ಅಕ್ಕ. ಕಾದಳು. ಆಮೇಲೆ ಅವಳು ಗೋಡೆ ಹಿಡಿದು ಎದ್ದು ಬಂದಳು.

"ಓಣಿ ಮೂಲ್ಯಾಗ ನಿಮ್ಮವರು ಅಳತಿ ಕಲ್ಲು ಹುಗದಿದ್ರಲ್ರಿ, ಅವರು ನೀರು ಕುಡ್ಯಾಕ ಇಲ್ಲಿ ಬಂದಾಗ ಕೇಳಿದ್ದೆ, ಕಲ್ಲಿನ ತಲಿಗಿಂತ ನೀರು ಎಷ್ಟು ಮ್ಯಾಲೆ ನಿಂದ್ರತೈತಿ ಅಂತ. ಐದು ಫೂಟು ಅಂದ್ರು. ಬಾಜೂಕ ಗ್ವಾಡಿ ಕಟ್ಟತಿದ್ದ ಗೌಂಡಿ ಊಟಕ್ಕ ಹೋದಾಗ ಅವನ ಮಟ್ಟ ನೋಡೋ ನೀರಿನ ಪೈಪು ಇಸಗೊಂಡೆ. ಒಂದು ತುದಿ ಕಲ್ಲಿಗೆ ಕಟ್ಟಿದೆ, ಒಂದು ತುದಿ ಒಳಗ ತಂದೆ. ಎರಡೂ ತುದ್ಯಾಗ ನೀರು ಒಂದ ಮಟ್ಟಕ್ಕ ನಿಂದ್ರತೈತಲ್ರಿ. ಅದು ನಮ್ಮ ಹೊಸ್ತಿಲಕ್ಕ ಬಂತು. ಅಲ್ಲಿಂದ ಮ್ಯಾಲೆ ಹೊಲಗಿ ಟೇಪಿಲೆ ಐದು ಫೂಟು. ಸುತ್ತ ಗ್ವಾಡಿಗೂ ಅದ ಪೈಪಿಲೆ ಮಟ್ಟ ಹಿಡದೆ."

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಎಷ್ಟು ಓದಿದ್ದೀರಮ್ಮಾ?"

"ಮುಲ್ಕಿ ರೀ."

ಅವರು ಬಣ್ಣದ ಡಬ್ಬಿ ಎತ್ತಿಕೊಂಡು ಮುಂದಿನ ಮನೆಗೆ ಹೋದರು. ನಾನು ಸ್ಟೂಲು ಎಳೆದು ಹತ್ತಿ, ಲಕ್ಷ್ಮಿಯ ಫೋಟೋದ ಹಿಂದೆ ಕೈ ಹಾಕಿದೆ. ಫಾರ್ಮ್ ಇತ್ತು. ನಾನು ಎರಡು ಮಡಿಕೆ ಮಾಡಿ ತುರುಕಿದ್ದು ಈಗ ನಾಲ್ಕು ಮಡಿಕೆಯಾಗಿ, ಒಂದು ಹುರಿಯಲ್ಲಿ ಕಟ್ಟಿಕೊಂಡು, ಧೂಳಿಲ್ಲದೆ ಇತ್ತು. ಬಿಚ್ಚಿದೆ. ಹೆಸರಿನ ಜಾಗದಲ್ಲಿ ಅಕ್ಕನ ಹೆಸರು, ಅವಳದೇ ಅಕ್ಷರದಲ್ಲಿ. ಕೆಳಗೆ ಪಾಲಕರ ಸಹಿಯ ಗೆರೆಯೊಂದೇ ಖಾಲಿ.

"ನಿನಗ ಗೊತ್ತಿತ್ತು," ಎಂದೆ.

"ಪ್ರತಿ ಅಮಾಸಿಗೆ ಫೋಟೋ ಒರಸಾಕಿ ಯಾರು?"

"ಮತ್ತ ಯಾಕ ಕೇಳಲಿಲ್ಲ? ಎಂಟು ವರ್ಷ!"

"ನನ್ನ ಪಾಳಿ ಇರಲಿಲ್ಲಲ್ಲೋ," ಎಂದಳು, ತೀರ ಸಾಧಾರಣ ದನಿಯಲ್ಲಿ. ಫಾರ್ಮನ್ನು ನನ್ನ ಕೈಯಿಂದ ತೆಗೆದುಕೊಂಡು, ಒಮ್ಮೆ ನೀವಿ, ಸಾಲಿ ಬಟ್ಟಲಿನ ಕೆಳಗೆ ಇಟ್ಟಳು. "ಇದು ಹಳೇದಾತು. ಹೊಸಾದು ತಾ. ಕಚೇರಿ ಇನ್ನೂ ತೆರದಿರತೈತಿ."

ಅಪ್ಪ ಗೋಡೆಯ ಎರಡು ಗೆರೆಗಳನ್ನು ನೋಡಿ, ಬಾಗಿಲಿನಿಂದ ಸರಿದು ದಾರಿ ಬಿಟ್ಟ. ನಾನು ಸ್ಟೂಲಿನಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡೆ.