ಅಕ್ಕಿ ಚೀಲ ಹೊತ್ತ ರೇಸ್ ಕಾರು

ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ಕಾಲೇಜುಗಳ ನಡುವಿನ ಸ್ಪರ್ಧೆಗೆಂದು ನಮ್ಮ ತಂಡ ಒಂದು ಪುಟ್ಟ ರೇಸ್ ಕಾರು ಕಟ್ಟಿತು. ಒಬ್ಬರೇ ಕೂರುವ, ಮೇಲೆ ಸೂರಿಲ್ಲದ ಕಾರು. ಮುಂದೊಂದು ಚಿಕ್ಕ ರೆಕ್ಕೆ, ಹಿಂದೊಂದು ದೊಡ್ಡ ರೆಕ್ಕೆ. ವಿಮಾನದ ರೆಕ್ಕೆಯನ್ನು ಗಾಳಿ ಮೇಲಕ್ಕೆತ್ತುತ್ತದೆ. ಅದನ್ನೇ ತಲೆಕೆಳಗು ಮಾಡಿ ಕೂರಿಸಿದರೆ ಓಡುವಾಗ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ, ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಓಡಿಸುವವಳು ನಾನು. ತಂಡದಲ್ಲಿ ಎಲ್ಲರಿಗಿಂತ ಹಗುರ ಎಂಬ ಕಾರಣಕ್ಕೆ ನನ್ನನ್ನು ಆರಿಸಿದ್ದರು. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ನನ್ನ ಪಪ್ಪ ಇದನ್ನು ಕೇಳಿ, "ಹೋಟೆಲಿನವನ ಮಗಳು ಹಗುರ ಅಂದ್ರೆ ನನ್ನ ಮರ್ಯಾದೆ ಎಂತಾಗ್ಬೇಕು ಮಾರಾಯ್ತಿ" ಎಂದಿದ್ದರು.

ಕಾರು ಇದ್ದದ್ದು ಮಹಾಪೆಯ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ. ಶನಿವಾರ ಕಾರ್ಖಾನೆಗೆ ರಜೆ. ಅದರ ಉದ್ದನೆಯ ಅಂಗಳದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ನಾವು ಕಾರು ಓಡಿಸುತ್ತಿದ್ದೆವು. ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಹೊಣೆ ನನ್ನ ಗೆಳತಿಯದು. ಕಲ್ಯಾಣದ ಹುಡುಗಿ, ಮನೆಯವರ ಮೂಲ ವಿಜಯಪುರದ ಕಡೆ. ತಂಡದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಹಾಗಾಗಿ ಉಳಿದವರನ್ನು ಬೈಯಲು ನಮಗೆ ಒಳ್ಳೆಯ ಅನುಕೂಲವಿತ್ತು.

ಅಂಥ ಒಂದು ಶನಿವಾರ ಬೆಳಿಗ್ಗೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ನಿಧಾನದ ತಿರುವುಗಳಲ್ಲಿ ಕಾರು ಹೇಳಿದ ಹಾಗೆ ಕೇಳುತ್ತಿತ್ತು. ಜೋರಾಗಿ ಹೋಗುವ ದೊಡ್ಡ ತಿರುವಿನಲ್ಲಿ ಮಾತ್ರ ಸ್ಟೇರಿಂಗ್ ಏಕಾಏಕಿ ಹಗುರವಾಗುತ್ತಿತ್ತು. ನಾನು ಎಡಕ್ಕೆ ತಿರುಗಿಸಿದರೆ ಕಾರು ನನಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ನೆಟ್ಟಗೆ ಹೋಯಿತು. ಮೂರು ಕೋನ್ ಉರುಳಿಸಿ, ನಾಲ್ಕನೆಯದನ್ನು ಮುಂದಿನ ರೆಕ್ಕೆಗೆ ಸಿಕ್ಕಿಸಿಕೊಂಡು ಬಂದು ನಿಲ್ಲಿಸಿದೆ.

ಗೆಳತಿ ನೆಲದ ಮೇಲೆ ಅಡ್ಡಬಿದ್ದು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಎದ್ದು ಓಡಿ ಬಂದಳು. ಕೂದಲ ತುಂಬ ಧೂಳು.

"ಇಲ್ ನೋಡ್ಲೇ! ಜೋರ್ ಹೊಂಟಾಗ ಗಾಡಿ ಕುಂಡಿ ಊರಾಕತ್ತೈತಿ!"

ನೋಡಿದೆ. ನಿಂತಾಗ ನಮ್ಮ ಕಾರಿನ ಹಿಂಭಾಗ ಮುಂಭಾಗಕ್ಕಿಂತ ಎಂಟು ಮಿಲಿಮೀಟರ್ ಎತ್ತರ, ಮೂಗು ತಗ್ಗಿಸಿ ಹೊರಡಲು ಸಿದ್ಧವಾದ ಭಂಗಿ. ವಿಡಿಯೋದಲ್ಲಿ ವೇಗ ಏರಿದಂತೆ ಅದೇ ಕಾರು ಹಿಂದೆ ಕುಸಿದು, ಮೂಗೆತ್ತಿ, ಊಟವಾದ ಮೇಲೆ ಆರಾಮಕುರ್ಚಿಗೆ ಒರಗಿದ ಯಜಮಾನರಂತೆ ಕಾಣುತ್ತಿತ್ತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆದರೆ ಎಷ್ಟು ಕುಸಿಯುತ್ತದೆಂದು ವಿಡಿಯೋ ನೋಡಿ ಅಳೆಯಲಾಗದು. ಆ ವೇಗದಲ್ಲಿ ಗಾಳಿ ಹಿಂದಿನ ರೆಕ್ಕೆಯನ್ನು ಐವತ್ತು ಕಿಲೋದಷ್ಟು, ಮುಂದಿನದನ್ನು ಹತ್ತು ಕಿಲೋದಷ್ಟು ಒತ್ತುತ್ತದೆ ಎಂದು ನಮ್ಮ ಲೆಕ್ಕ ಹೇಳುತ್ತಿತ್ತು. ನಿಂತ ಕಾರಿನ ಮೇಲೆ ಅಷ್ಟೇ ಭಾರ ಹೇರಿ ಅಳೆದರೆ ಆಯಿತಲ್ಲ ಎಂದಳು ಗೆಳತಿ. ಭಾರ ಎಲ್ಲಿಂದ ತರುವುದು? ಶನಿವಾರ ಪಪ್ಪ ವಾಶಿ ಮಾರ್ಕೆಟ್ಟಿನಿಂದ ಹೋಟೆಲಿಗೆ ಸಾಮಾನು ತರುವ ದಿನ ಎಂದು ನೆನಪಾಯಿತು. ಮಹಾಪೆ ದಾರಿಯಲ್ಲೇ ಸಿಗುತ್ತದೆ. ಫೋನ್ ಮಾಡಿದೆ.

"ಪಪ್ಪ, ಎರಡು ಚೀಲ ಅಕ್ಕಿ ಬೇಕಿತ್ತು. ಕಾರಿನ ರೆಕ್ಕೆ ಮೇಲೆ ಇಡ್ಲಿಕ್ಕೆ."

ಟ್ರಾಫಿಕ್ಕಿನ ಸದ್ದಿನ ನಡುವೆ ಪಪ್ಪ ಕೇಳಿದರು, "ನೀನು ಹುಷಾರಿದ್ದೀ ಅಲ್ವಾ?"

ಅರ್ಧ ಗಂಟೆಯಲ್ಲಿ ಟೆಂಪೋ ಬಂತು. ಪಪ್ಪ ಇಳಿದು ಕಾರಿನ ಸುತ್ತ ಎರಡು ಸುತ್ತು ಹಾಕಿದರು. ರೆಕ್ಕೆಯ ಕಂಬಗಳ ಮೇಲೆ ನಾವು ಹಲಗೆ ಕಟ್ಟಿದ್ದೆವು. ನಾನು ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕುಳಿತೆ, ನನ್ನ ತೂಕವೂ ಲೆಕ್ಕಕ್ಕೆ ಬೇಕಿತ್ತು. ಇಪ್ಪತ್ತೈದು ಕಿಲೋದ ಇಡ್ಲಿ ಅಕ್ಕಿಯ ಚೀಲ ಒಂದು, ಅದರ ಮೇಲೆ ಇನ್ನೊಂದು. ಮುಂದಿನ ರೆಕ್ಕೆಗೆ ಹತ್ತು ಕಿಲೋ ಉದ್ದಿನಬೇಳೆ.

"ಇನ್ನು ರುಬ್ಬುವುದೊಂದೇ ಬಾಕಿ" ಎಂದರು ಪಪ್ಪ.

ಗೆಳತಿ ಸ್ಕೇಲ್ ಹಿಡಿದು ನಾಲ್ಕೂ ಮೂಲೆ ಅಳೆದಳು. ಹಿಂದೆ ಹನ್ನೊಂದು ಮಿಲಿಮೀಟರ್ ಕುಸಿದಿತ್ತು. ಮುಂದಿನ ಚಕ್ರಗಳ ಬಳಿ ಹೆಚ್ಚುಕಡಿಮೆ ಹಾಗೇ ಇತ್ತು. ಅದಕ್ಕೂ ಮುಂದಕ್ಕೆ ಚಾಚಿದ ರೆಕ್ಕೆಯ ತುದಿ ಮಾತ್ರ ಮೂರು ಮಿಲಿಮೀಟರ್ ಮೇಲೆದ್ದಿತ್ತು. ನೆಲಕ್ಕೆ ಹತ್ತಿರವಿದ್ದಷ್ಟೂ ಚೆನ್ನಾಗಿ ಕೆಲಸ ಮಾಡುವ ರೆಕ್ಕೆ ಅದು. ಅದು ಮೇಲೆದ್ದರೆ ಮುಂದಿನ ಒತ್ತಡ ಇನ್ನೂ ಕಡಿಮೆ, ಟೈರಿನ ಹಿಡಿತ ಇನ್ನೂ ಸಡಿಲ. ಸ್ಟೇರಿಂಗ್ ಹಗುರವಾದದ್ದು ಯಾಕೆಂದು ಗೊತ್ತಾಯಿತು.

"ಇದು ನಂಗೆ ಮೊದ್ಲೇ ಗೊತ್ತುಂಟು" ಎಂದರು ಪಪ್ಪ. "ಟೆಂಪೋದಲ್ಲಿ ಎಲ್ಲ ಚೀಲ ಹಿಂದೆ ಹಾಕಿದ್ರೆ ಸ್ಟೇರಿಂಗ್ ಗಾಳಿಯಲ್ಲಿ ತಿರುಗಿಸಿದ ಹಾಗೆ ಆಗ್ತದೆ. ನಿಮ್ದು ಅಕ್ಕಿ ಇಲ್ಲದೆ ಆಗ್ತದೆ, ಅಷ್ಟೇ."

"ಕಾಕಾ, ನೀವು ನಮ್ ಟೀಮಿಗೆ ಬರ್ರಿ" ಎಂದಳು ಗೆಳತಿ.

ಹಿಂದೆ ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಹಾಕಿದೆವು. ಹಿಂಭಾಗವನ್ನು ಇನ್ನೂ ನಾಲ್ಕು ಮಿಲಿಮೀಟರ್ ಎತ್ತರಿಸಿದೆವು. ಮತ್ತೆ ಅಕ್ಕಿ, ಮತ್ತೆ ಉದ್ದು, ಮತ್ತೆ ಅಳತೆ. ಈ ಸಲ ಆರೇ ಮಿಲಿಮೀಟರ್ ಕುಸಿಯಿತು. ಭಾರ ಹೊತ್ತ ಮೇಲೂ ಕಾರು ಮೂಗು ತಗ್ಗಿಸಿಯೇ ನಿಂತಿತ್ತು.

ಮಧ್ಯಾಹ್ನ ಮತ್ತೆ ಹೊರಟೆ. ಮೊದಲ ಸುತ್ತು ಹೆದರುತ್ತಲೇ ಹೋದೆ. ಎರಡನೆಯ ಸುತ್ತಿನಲ್ಲಿ ಆ ದೊಡ್ಡ ತಿರುವಿಗೆ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ನುಗ್ಗಿದೆ. ಸ್ಟೇರಿಂಗ್ ಕೈಯಲ್ಲಿ ಭಾರವಾಯಿತು, ಮೂಗು ಒಳಕ್ಕೆ ತಿರುಗಿತು, ಹೊಟ್ಟೆಯೊಳಗಿನದೆಲ್ಲ ಒಂದು ಪಕ್ಕಕ್ಕೆ ಸರಿಯಿತು. ಕೋನ್‌ಗಳು ಒಂದೂ ಅಲುಗದೆ ಹಿಂದೆ ಹೋದವು. ನಾನು ಹೆಲ್ಮೆಟ್ಟಿನೊಳಗೆ ಕಿರುಚಿದೆ, ನಕ್ಕೆ, ಮತ್ತೆ ಕಿರುಚಿದೆ. ನಾಲ್ಕು ಸುತ್ತು ಎಂದು ಮಾತಾಗಿತ್ತು. ಎಷ್ಟು ಸುತ್ತಿದೆನೋ ನನಗೇ ತಿಳಿಯದು. ಗೆಳತಿ ನಿಲ್ಲಿಸು ಎಂದು ಬಾವುಟ ಬೀಸಿದಳು, ಆಮೇಲೆ ದುಪಟ್ಟಾ ಬೀಸಿದಳು, ಕೊನೆಗೆ ತಾನೂ ಬೀಸುವುದನ್ನು ಬಿಟ್ಟು ಕುಣಿಯತೊಡಗಿದಳು. ಅವಳ ಪಕ್ಕದಲ್ಲಿ ಪಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು. ಹೆದರಿಕೆಯಿಂದ ಎಂದುಕೊಂಡೆ. ಇಳಿದ ಮೇಲೆ ನೋಡಿದರೆ ಮುಖದ ತುಂಬ ನಗು.

ಸ್ಪರ್ಧೆಯಲ್ಲಿ ನಾವು ಗೆಲ್ಲಲಿಲ್ಲ, ಮಧ್ಯದಲ್ಲೆಲ್ಲೋ ಉಳಿದೆವು. ತಿರುವುಗಳಲ್ಲಿ ಮಾತ್ರ ನಮ್ಮನ್ನು ನೋಡಲು ಬೇರೆ ತಂಡದವರೂ ಬೇಲಿಯ ಬಳಿ ಬಂದು ನಿಂತರು. ಪಪ್ಪನಂತೂ ಈಗಲೂ ದಿನಾ ಬರುವ ಗಿರಾಕಿಗಳನ್ನು ಗಲ್ಲಾದ ಬಳಿ ನಿಲ್ಲಿಸಿಕೊಳ್ಳುತ್ತಾರೆ. ಸ್ಟೀಲ್ ತಟ್ಟೆಯನ್ನು ಫ್ಯಾನಿನ ಗಾಳಿಗೆ ಓರೆಯಾಗಿ ಹಿಡಿದು, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ, ಗಾಳಿಗೂ ತೂಕವುಂಟು ಎಂದು ವಿವರಿಸುತ್ತಾರೆ. ಟ್ರೇನ್ ತಪ್ಪುತ್ತದೆಂದು ಗಿರಾಕಿಗಳು ಗಡಿಯಾರ ನೋಡಿದರೂ ಬಿಡುವುದಿಲ್ಲ.