ಮಗನಿಗೆ ಹುಟ್ಟಿದ ಅಪ್ಪ

ಕೇಶ್ವಾಪುರದ ಕಾಯಿಪಲ್ಲೆ ಗಾಡಿಯ ಮುಂದೆ ಬದನೆಕಾಯಿ ಆರಿಸುತ್ತಿದ್ದ ತಾಯಿಯೊಬ್ಬಳು, ರಸ್ತೆಯ ಬದಿಗೆ ಕೂತು ಏಕಾಗ್ರಚಿತ್ತದಿಂದ ಮಣ್ಣು ಮುಕ್ಕುತ್ತಿದ್ದ ತನ್ನ ಕೂಸಿಗೆ, "ಯಪ್ಪಾ, ಮಣ್ಣ ತಿನಬ್ಯಾಡೋ ನಮ್ಮಪ್ಪಾ!" ಎಂದು ಅಂಗಲಾಚುತ್ತಿದ್ದಳು. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಇದು ಯಾರ ಗಮನಕ್ಕೂ ಬರುವ ಸಂಗತಿಯಲ್ಲ. ಹಡೆದವಳು ಮಗನನ್ನು ಅಪ್ಪಾ ಎಂದೂ ಮಗಳನ್ನು ಅವ್ವಾ ಎಂದೂ ಕರೆಯುವುದು ಇಲ್ಲಿ ಉಸಿರಾಟದಷ್ಟೇ ಸಹಜ. ಆದರೆ ನಾನು ಮಾತ್ರ ಕೈಯಲ್ಲಿದ್ದ ಸವತಿಕಾಯಿಯನ್ನು ಹಾಗೇ ಹಿಡಿದುಕೊಂಡು, ಇವರಿಬ್ಬರಲ್ಲಿ ಯಾರು ಯಾರಿಗೆ ಹುಟ್ಟಿದವರು ಎಂದು ಲೆಕ್ಕ ಹಾಕುತ್ತ ನಿಂತೆ. ಈ ರೋಗ ನನಗೆ ಅಂಟಿದ್ದು ಹೇಗೆಂದು ಹೇಳುತ್ತೇನೆ ಕೇಳಿ. ಗಾಡಿಯವನು ತೂಕ ಮಾಡುವತನಕ ನಿಮಗೂ ಬೇರೆ ಕೆಲಸವಿರಲಿಕ್ಕಿಲ್ಲ.

ನಾನು ಧಾರವಾಡದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವಾಕೆ. ಈ ಒಂದೇ ಅಪರಾಧಕ್ಕಾಗಿ ನಮ್ಮ ಬಳಗದಲ್ಲಿ ಯಾರ ಮೊಬೈಲು ನೀರಿಗೆ ಬಿದ್ದರೂ, ಯಾರ ಮನೆಯ ಮಿಕ್ಸರ್ ಮೌನವ್ರತ ಹಿಡಿದರೂ ನನಗೇ ಬುಲಾವು. ಹೀಗಿರುವಾಗ ನನ್ನ ತಮ್ಮನಿಗೆ ಗಂಡುಮಗು ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ, ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಮನೆಯ ಗೋಡೆ ತುಂಬುವಂಥ ವಂಶವೃಕ್ಷದ ಫ್ಲೆಕ್ಸ್ ತೂಗಬೇಕೆಂದು ಮಲ್ಲಪ್ಪಕಾಕಾ, ಅಂದರೆ ತೀರಿಹೋದ ನಮ್ಮ ತಂದೆಯ ತಮ್ಮ, ಅಪ್ಪಣೆ ಕೊಡಿಸಿದರು. ನಾವು ಮೂಲತಃ ಸುಳ್ಳದವರು. ಊರಿನ ಹೆಸರೇ ಸುಳ್ಳ ಎಂದಮೇಲೆ ನಮ್ಮ ಮನೆತನದ ಚರಿತ್ರೆಯನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು.

ಆ ಚರಿತ್ರೆಯಲ್ಲಿ ಹಿರೀಮಕ್ಕಳಿಗೆ ಎರಡೇ ಹೆಸರುಗಳು: ಸಂಗಪ್ಪ ಮತ್ತು ಈರಪ್ಪ. ಅಜ್ಜನ ಹೆಸರು ಮೊಮ್ಮಗನಿಗೆ ಬರಬೇಕು, ಅದು ಪದ್ಧತಿ. ನಮ್ಮಜ್ಜ ಸಂಗಪ್ಪ, ಅವನ ಮಗ ನಮ್ಮಪ್ಪ ಈರಪ್ಪ, ಅಪ್ಪನ ಮಗ ನನ್ನ ತಮ್ಮ ಸಂಗಪ್ಪ. ಆದ್ದರಿಂದ ಈ ಕೂಸು ಗರ್ಭಸ್ಥವಾಗಿದ್ದಾಗಲೇ ಈರಪ್ಪನೆಂದು ತೀರ್ಮಾನವಾಗಿತ್ತು. ಸಂಕಟ ಬಂದದ್ದು ತಮ್ಮನ ಹೆಂಡತಿ ಸುಮಾಳಿಗೆ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ, ಅದೂ ಪದ್ಧತಿಯೇ. "ಅಕ್ಕಾರ, ಹೊತ್ತು ಹಡದಾಕಿ ನಾ, ಜಗತ್ತೆಲ್ಲಾ ನನ್ನ ಮಗನ್ನ ಹೆಸರ ಹಿಡದು ಕರೀತೈತಿ, ನಾ ಒಬ್ಬಾಕಿ ಮಾತ್ರ ಜೀವ ಇರೂತನಾ ಏ, ಓ ಅನಕೋತ ಇರಬೇಕೇನ್ರಿ?" ಎಂದು ಆಕೆ ನನ್ನೆದುರು ಕಣ್ಣಲ್ಲಿ ನೀರು ತಂದಿದ್ದಳು. ವಿಹಾನ ಎಂಬ ಹೆಸರನ್ನು ಆಕೆ ಯಾವಾಗಲೋ ಆರಿಸಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕರೆದೂ ಆಗಿತ್ತು. ಅದನ್ನು ಕಾಕಾನ ಮುಂದೆ ಹೇಳುವ ಧೈರ್ಯ ಆಕೆಗಿರಲಿಲ್ಲ, ನನಗಿರಲಿಲ್ಲ; ನನ್ನ ತಮ್ಮನಿಗಂತೂ ಹುಟ್ಟುವಾಗಲೇ ಇರಲಿಲ್ಲ.

ನಾನು ಸಂಧಾನ ಬಿಟ್ಟು ಸಂತಾನದ ಕೆಲಸಕ್ಕೆ ಕೂತೆ. ಬಳಗದವರು ವಾಟ್ಸಾಪಿನಲ್ಲಿ ತಮ್ಮ ತಮ್ಮ ಹೆಸರು, ತಂದೆಯ ಹೆಸರು ಕಳಿಸಿದರು; ಸಾಲಿಗೊಬ್ಬರಂತೆ ಎಲ್ಲರನ್ನೂ ಸೇರಿಸಿದೆ. ಕಾಕಾನ ಆಜ್ಞೆಯಂತೆ ಕೂಸನ್ನು ಈರಪ್ಪನೆಂದು ಎಲ್ಲರಿಗಿಂತ ಮೊದಲಿಗೇ ಬರೆದೆ. ಪ್ರೋಗ್ರಾಮಿನ ತಂತ್ರ ಬಲು ಸರಳ. ಕೂಸಿನಿಂದ ಹೊರಡು, ಅದರ ತಂದೆಯ ಹೆಸರಿನವನನ್ನು ಹುಡುಕು, ಸಿಕ್ಕವನ ತಂದೆಯನ್ನು ಹುಡುಕು, ಹೀಗೇ ಏರುತ್ತ ಹೋಗಿ ತಂದೆಯ ಹೆಸರೇ ಇಲ್ಲದವನು ಸಿಕ್ಕಾಗ ನಿಲ್ಲು. ಅವನೇ ಮೂಲಪುರುಷ, ಅವನಿಂದ ಕೆಳಗೆ ಕೊಂಬೆಗಳನ್ನು ಇಳಿಬಿಡು. ನಮ್ಮ ಗಣಕಶಾಸ್ತ್ರದ ಮರಗಳು ಬೇರು ಮೇಲೆ, ಎಲೆ ಕೆಳಗೆ ಮಾಡಿಕೊಂಡು ಶೀರ್ಷಾಸನದಲ್ಲೇ ಬೆಳೆಯುತ್ತವೆ. ಅವನ್ನು ಬೆಳೆಸುವವರ ತಲೆಯೂ ಬಹುಶಃ ಹಾಗೇ ಇರುತ್ತದೆ.

ರವಿವಾರ ಮಧ್ಯಾಹ್ನ, ಗಿರ್ಮಿಟ್ಟು-ಮಿರ್ಚಿ ಸಮೇತ ನೆರೆದ ಬಳಗದ ಮುಂದೆ, ಲ್ಯಾಪ್‌ಟಾಪನ್ನು ಕಾಕಾನ ಟೀವಿಗೆ ಜೋಡಿಸಿ ಗುಂಡಿ ಒತ್ತಿದೆ. ಈರಪ್ಪ, ಸಂಗಪ್ಪ, ಈರಪ್ಪ, ಸಂಗಪ್ಪ, ಈರಪ್ಪ... ಟೀವಿ ತುಂಬಿತು, ತುಂಬಿದ್ದು ಮೇಲೆ ಸರಿದು ಮತ್ತೆ ತುಂಬಿತು. ನನ್ನ ಬೆನ್ನಿಗೆ ಬೆವರು, ಕಾಕಾನ ಮುಖಕ್ಕೆ ಕಳೆ. "ಏನ್ ಮನಿತನಾ ಐತಿ ನೋಡ್ರಿ ನಮ್ಮದು! ಮುಗಿಯಾಕ ತಯಾರಿಲ್ಲ!" ನಾನು ನಿಲ್ಲಿಸಹೋದರೆ, "ನಿಂದ್ರಸಬ್ಯಾಡವಾ, ಮೂಲಪುರುಷ ಬರ್ಲಿ!" ಎಂದು ಕೈಹಿಡಿದು, ಇನ್ನೊಂದು ಕೈಯಿಂದ ಫ್ಲೆಕ್ಸ್ ಅಂಗಡಿಯವನಿಗೆ ಫೋನು ಹಚ್ಚಿದರು: "ಉದ್ದ ಎಷ್ಟಂತ ಈಗ ಹೇಳಾಕ ಬರಂಗಿಲ್ರಿ, ಇನ್ನೂ ಬರಾಕತ್ತೈತಿ!" ಲ್ಯಾಪ್‌ಟಾಪು ಏದುಸಿರು ಬಿಡತೊಡಗಿತ್ತು.

ಆಗಿದ್ದು ಇಷ್ಟು. ಕೂಸಿನ ತಂದೆ ಸಂಗಪ್ಪ, ಸರಿಯೇ. ಆ ಸಂಗಪ್ಪನ ತಂದೆ ಈರಪ್ಪನನ್ನು ಹುಡುಕಲು ಹೋದ ಯಂತ್ರಕ್ಕೆ ಮೊದಲು ಕಂಡ ಈರಪ್ಪ ತೊಟ್ಟಿಲ ಕೂಸೇ! ಹೀಗೆ ಕೂಸು ತನ್ನ ತಂದೆಗೆ ತಂದೆಯಾಗಿ, ತನಗೆ ತಾನೇ ಅಜ್ಜನಾಗಿ, ತನ್ನ ಸುತ್ತ ತಾನೇ ಗಿರಗಿರನೆ ತಿರುಗುತ್ತಿತ್ತು. ಹೆಸರನ್ನು ನಂಬಬೇಡಿ, ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು ಆ ನಂಬರಿನಿಂದಲೇ ತಂದೆಯನ್ನು ಗುರುತಿಸಿ ಎಂದು ವರ್ಷವರ್ಷವೂ ಬೋಧಿಸುವವಳು ನಾನೇ. ಇದೇ ತಪ್ಪಿಗೆ ನಿರ್ದಾಕ್ಷಿಣ್ಯವಾಗಿ ಅಂಕ ಕಡಿಯುವವಳೂ ನಾನೇ. ನಗು ಬಂತು. ಆದರೆ ಆ ಈರಪ್ಪಗಳ ಮಳೆಯಲ್ಲಿ ನಮ್ಮಪ್ಪನನ್ನು ಹುಡುಕಿದೆ ನೋಡಿ, ಅವನು ಎಲ್ಲಿಯೂ ಇರಲಿಲ್ಲ. ಅವನ ಜಾಗದಲ್ಲೆಲ್ಲ ಕೂಸೇ ಕೂತಿತ್ತು.

ನಂಬರು ಕೊಟ್ಟು ಸರಿಪಡಿಸುವುದು ಚಹಾ ಕುದಿಯುವಷ್ಟರ ಕೆಲಸ. ಅಷ್ಟರಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ ಸುಮಾ ಕಣ್ಣಿಗೆ ಬಿದ್ದಳು. ನಾನು ಕೈ ಹಿಂದೆಗೆದೆ.

"ಕಾಕಾ, ಇದು ದೊಡ್ಡ ಮನಿತನ ಅಲ್ಲರಿ, ಬರೇ ಗಿರಕಿ. ಕೂಸಿಗೆ ನಮ್ಮಪ್ಪನ ಹೆಸರಿಟ್ಟಿದ್ದಕ್ಕ ಅದು ಹೋಗಿ ಅಪ್ಪನ ಜಾಗಾದಾಗ ಕುಂತೈತಿ. ಅಪ್ಪ ಎಲ್ಲೂ ಇಲ್ಲ, ಬೇಕಾದ್ರ ನೀವ ಹುಡಕ್ರಿ."

ಕಾಕಾ ಕನ್ನಡಕ ಏರಿಸಿ ನಿಜಕ್ಕೂ ಹುಡುಕಿದರು. ಅವರ ಬಾಯಿಯಲ್ಲಿ ಮಿರ್ಚಿ ಹಾಗೇ ನಿಂತಿತ್ತು. ಅಣ್ಣನ ಹೆಸರು ಉಳಿಯಲಿ ಎಂದೇ ಅವರು ಇಷ್ಟೆಲ್ಲ ಹಟ ಹಿಡಿದದ್ದು, ಅದು ನಮಗೆಲ್ಲ ಗೊತ್ತು. ಕೊನೆಗೆ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ, "ಅಣ್ಣನ ಜಾಗಾ ಅಣ್ಣಗ ಇರ್ಲಿ. ಕೂಸಿಗೆ ಬ್ಯಾರೆ ಹೆಸರ ನೋಡ್ರಿ" ಎಂದರು.

"ವಿಹಾನ!" ಎಂದಳು ಸುಮಾ, ಕಾಕಾನ ಮಾತು ಮುಗಿಯುವ ಮೊದಲೇ.

"ಏನಂದಿವಾ? ವಿಮಾನ?"

ಹೆಸರು ಎಲ್ಲಿ ಹಾರಿಹೋಗುತ್ತದೋ ಎಂದು ನಾನು ತಟ್ಟನೆ ಬರೆದುಬಿಟ್ಟೆ. ಇದೇ ನ್ಯಾಯದಂತೆ ನನ್ನ ತಮ್ಮನೂ ನಮ್ಮಜ್ಜನ ಜಾಗದಲ್ಲಿ ಆರಾಮಾಗಿ ಕೂತಿದ್ದಾನೆಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಕಾಕಾ ಮತ್ತೆ ಫ್ಲೆಕ್ಸಿನವನಿಗೆ ಫೋನು ಮಾಡಲು ಅಂಗಳಕ್ಕೆ ಹೋದಾಗ ಎಲ್ಲರಿಗೂ ಮೆಲ್ಲಗೆ ನಂಬರು ಕೊಟ್ಟೆ. ಅಪ್ಪ ತನ್ನ ಜಾಗಕ್ಕೆ ಬಂದ. ಮೂಲಪುರುಷನೂ ಸಿಕ್ಕ, ಅವನ ಹೆಸರು, ನೀವು ಊಹಿಸಿದಂತೆ, ಸಂಗಪ್ಪ. ಹೆಸರಿಟ್ಟ ದಿನ ಸುಮಾ ಕಾರಣವಿಲ್ಲದೆ ಮನೆತುಂಬ ವಿಹಾನಾ, ವಿಹಾನಾ ಎಂದು ಕರೆಯುತ್ತ ಓಡಾಡಿದಳು.

ಗಾಡಿಯವನು ತೂಕ ಮುಗಿಸಿದ. ಅಂದಹಾಗೆ, ಬದನೆಕಾಯಿ ಆರಿಸುತ್ತಿದ್ದ ಆ ತಾಯಿ ಬೇರೆ ಯಾರೂ ಅಲ್ಲ, ನಮ್ಮ ಸುಮಾನೇ.

"ಅಲ್ಲವಾ, ಅಷ್ಟ ಗುದ್ದಾಡಿ ಇಟ್ಟ ಹೆಸರು ಎಲ್ಲಿ ಹೋತು?" ಎಂದೆ.

"ಐತಲ್ರಿ ಅಕ್ಕಾರ, ಬೇಕಂದಾಗ ಕರೀಬೌದು. ಅಷ್ಟ ಸಾಕು ನನಗ" ಎಂದು ನಕ್ಕು ಆಕೆ ಮತ್ತೆ ಆ ಕಡೆ ತಿರುಗಿದಳು. "ಯಪ್ಪಾ!"

ವಿಹಾನ ತಲೆಯೆತ್ತಿ, ಥೇಟ್ ನಮ್ಮಪ್ಪನ ಹಾಗೆ ಹುಬ್ಬು ಗಂಟಿಕ್ಕಿ ನಮ್ಮಿಬ್ಬರನ್ನೂ ನೋಡಿದ. ನಾನು ನನಗರಿವಿಲ್ಲದೆಯೇ ಸೆರಗು ಸರಿಮಾಡಿಕೊಂಡೆ. ಅವನು ಇನ್ನೊಂದು ಹಿಡಿ ಮಣ್ಣು ಬಾಯಿಗೆ ಹಾಕಿಕೊಂಡ.