ಆ ಮಧ್ಯಾಹ್ನ ಕೇಳಿದ ಕೀರ್ತನೆ

ದೇವರು ಮನುಷ್ಯರ ಬಾಯಿಂದ ಮಾತಾಡುತ್ತಾನೆ ಎಂದರೆ ನಾನು ಯಾವತ್ತೂ ನಂಬಿದವಳಲ್ಲ. ನನ್ನ ತವರು ಅಕ್ಕಲಕೋಟ ತಾಲೂಕಿನ ಹಳ್ಳಿ. ಬೀರೋಬನ ಗುಡಿಯಲ್ಲಿ ಮೈದುಂಬಿ ಹೇಳಿಕೆ ಕೊಡುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೈಮುಗಿದು, ಪ್ರಸಾದ ತಿಂದು, ಮನೆಗೆ ಬಂದು ನಕ್ಕಿದ್ದೇನೆ. ಈಗ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನನ್ನ ತಂಗಿ ಸುವರ್ಣಾಳನ್ನು ಅಕ್ಕಲಕೋಟಕ್ಕೆ ಕೊಟ್ಟಿದ್ದೆವು. ಮದುವೆಯಾಗಿ ಬಹಳ ಕಾಲವೇನೂ ಆಗಿರಲಿಲ್ಲ, ಗಂಡ ಅವಳನ್ನು ಮಾಳಿಗೆಯ ಮೆಟ್ಟಿಲ ಮೇಲಿಂದ ನೂಕಿದ. ಕಾಲು ಜಾರಿ ಬಿದ್ದಳು ಅಂದ. ಅತ್ತೆಯೂ ಹಾಗೇ ಅಂದಳು. ನೂಕಿದ್ದನ್ನು ಕಣ್ಣಾರೆ ಕಂಡು ನನ್ನ ಮುಂದೆ ಅಳುತ್ತ ಹೇಳಿದ ನೆರೆಮನೆಯ ಹೆಂಗಸು ಪೊಲೀಸರೆದುರು ಬಾಯಿ ಬಿಡಲಿಲ್ಲ. ಸುವರ್ಣಾಳ ತಲೆಗೆ ಪೆಟ್ಟಾಗಿ ಬಲಗೈ ಸೋತಿತ್ತು, ಮಾತು ಪೂರ್ತಿ ನಿಂತಿತ್ತು. ಹೇಳಬೇಕಾದವಳೇ ಮೂಕಿಯಾದ ಮೇಲೆ ಪ್ರಕರಣ ಅಲ್ಲಿಗೇ ಮುಚ್ಚಿಹೋಯಿತು.

ಅವಳನ್ನು ಸೊಲ್ಲಾಪುರಕ್ಕೆ ನನ್ನ ಮನೆಗೆ ಕರೆತಂದೆ. ನವಿ ಪೇಠದಲ್ಲಿ ನಮ್ಮದು ಸೀರೆ ಅಂಗಡಿ. ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತ ನಗುವಾಗಲೂ ನನ್ನ ತಲೆಯಲ್ಲಿ ಒಂದೇ ವಿಚಾರ: ಅವನು ಹೇಗೆ ಸಾಯಬೇಕು? ಲಾರಿಯಡಿ ಸಿಕ್ಕರೆ ಬೇಗ ಸಾಯುತ್ತಾನೆ, ಅದು ಬೇಡ. ಹಾಸಿಗೆ ಹಿಡಿಯಬೇಕು, ಬಾಯಾರಿದರೂ ನೀರು ಕೇಳಲು ನಾಲಿಗೆ ಏಳಬಾರದು. ದೇವರ ಮುಂದೆ ನಿಂತಾಗ ಮಾತ್ರ ಇದನ್ನೆಲ್ಲ ಒಳಗೆ ಒತ್ತಿಟ್ಟು, "ಎಲ್ಲಾರನ್ನೂ ಚೊಲೋ ಇಡಪ್ಪಾ" ಅನ್ನುತ್ತಿದ್ದೆ.

ಸುವರ್ಣಾಳಿಗೆ ಸ್ನಾನ ಮಾಡಿಸಲು, ಕೈಕಾಲು ತಿಕ್ಕಲು ಮಾರ್ಥಾಬಾಯಿ ಬರತೊಡಗಿದರು. ನರ್ಸ್ ಆಗಿ ನಿವೃತ್ತರಾದ ಕ್ರೈಸ್ತ ಹೆಂಗಸು, ಆಡುವುದು ನಮ್ಮ ಕಡೆಯದೇ ಕನ್ನಡ. ಒಂದು ದಿನ ಕೆಲಸ ಮುಗಿಸಿ, "ಈಕಿ ಮುಂದ ಕೀರ್ತನಿ ಓದಲೇನ್ರಿ?" ಎಂದರು. ನಾನು ತಾಳ ಮೃದಂಗದ ಕೀರ್ತನೆ ಅಂದುಕೊಂಡು ಹೂಂ ಅಂದೆ. ಅವರು ಚೀಲದಿಂದ ಕನ್ನಡ ಬೈಬಲ್ ತೆಗೆದರು. ಅದರೊಳಗಿನ ಪ್ರಾರ್ಥನೆಯ ಹಾಡುಗಳಿಗೂ ಕೀರ್ತನೆ ಅಂತಲೇ ಹೆಸರಂತೆ. ಹೂಂ ಅಂದಾಗಿತ್ತು, ಬೇಡವೆನ್ನಲು ನಾಚಿಕೆಯಾಯಿತು. ನಮ್ಮನ್ನು ತಮ್ಮ ಧರ್ಮಕ್ಕೆ ಎಳೆಯಲು ಬಂದಿದ್ದಾರೋ ಏನೋ ಎಂದು ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆ.

ಕೇಳಿದ್ದು ಸಮಾಧಾನದ ಮಾತಲ್ಲ. ದೇವರೇ, ಅವರ ಬಾಯೊಳಗಿನ ಹಲ್ಲು ಮುರಿದುಹಾಕು, ಹರಿದುಹೋದ ನೀರಿನ ಹಾಗೆ ಅವರು ಇಲ್ಲವಾಗಲಿ ಎಂಬಂಥ ಮಾತು. ನಾನು ಒಳಗೆ ಹೋದೆ.

"ಇಂಥಾವೆಲ್ಲ ದೇವರ ಪುಸ್ತಕದಾಗ ಅದಾವೇನ್ರಿ?"

"ಭಾಳ ಅದಾವ್ರಿ ಅಕ್ಕಾರ. ಸಿಟ್ಟು ಬಂದಾವ್ರು ದೇವರ ಮುಂದ ಸಿಟ್ಟೇ ಇಡಬೇಕ್ರಿ. ಹೊಟ್ಟ್ಯಾಗ ಬೆಂಕಿ ಇಟ್ಕೊಂಡು ಕೈಯಾಗ ಹೂವ ಹಿಡದ್ರ ಆಂವಗ ತಿಳಿಯಂಗಿಲ್ಲೇನು?"

ಅಂದಿನಿಂದ ನಾನೇ ಕೇಳತೊಡಗಿದೆ, "ಬಾಯಿ, ಶಾಪ ಹಾಕೂವು ಓದ್ರಿ" ಎಂದು. ಅವರು ಹುಡುಕಿ ಓದುತ್ತಿದ್ದರು. ಅವುಗಳಲ್ಲಿ ಎಷ್ಟನ್ನೋ ಹಾಡಿದ ದಾವೀದ ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದನಂತೆ. ಅದು ತಿಳಿದ ಮೇಲೆ ನಮ್ಮ ತವರಿನ ಕುರುಬರವನೇ ಯಾರೋ ಕಂಬಳಿ ಹೊದ್ದು ಹೊಲದಲ್ಲಿ ನಿಂತು ಕೂಗುತ್ತಿದ್ದಾನೆ ಅನ್ನಿಸುತ್ತಿತ್ತು. ನ್ಯಾಯ ಸಿಗದವರು ದೇವರನ್ನೇ ಹೀಗೆ ನಿಲ್ಲಿಸಿ ಕೇಳಬಹುದು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಆದರೆ ಬೆಳಿಗ್ಗೆ ಎದ್ದು ಅಂಗಡಿಗೆ ಹೋಗುವಷ್ಟು ಬಲ ಬಂತು. ಸುವರ್ಣಾ ಮಾತ್ರ ಗೋಡೆ ನೋಡುತ್ತ ಮಲಗಿರುತ್ತಿದ್ದಳು.

ಹೀಗಿರುವಾಗ ಸುದ್ದಿ ಬಂತು. ವಿಚ್ಛೇದನದ ಸೋಡಚೀಟಿ ಕೂಡ ಆಗಿಲ್ಲ, ಸುವರ್ಣಾಳ ಗಂಡ ಮೈಂದರ್ಗಿಯಲ್ಲಿ ಹೆಣ್ಣು ನೋಡಿದ್ದಾನೆ, ಆ ಸಂಜೆಯೇ ನಿಶ್ಚಯ. ನಾನು ಅಂಗಡಿಯ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಏನು ಮಾಡಲಿದ್ದೆ ಎಂದು ಕೇಳಬೇಡಿ, ಮಾಡಿಯೇ ಬಿಡುತ್ತಿದ್ದೆ. ಮೈಂದರ್ಗಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಮಧ್ಯಾಹ್ನ ಮನೆಗೆ ಬಂದೆ. ಮಾರ್ಥಾಬಾಯಿಗೆ, "ಇವತ್ತ ಎಲ್ಲಾದಕ್ಕಿಂತ ಕಠೋರ ಇರೂದು ಓದ್ರಿ" ಅಂದೆ.

ಅವರು ನನ್ನ ಮುಖ ನೋಡಿ, ಅದುವರೆಗೆ ಓದಿರದ ಒಂದನ್ನು ತೆಗೆದರು. ಮುಯ್ಯಿ ತೀರಿಸುವ ದೇವರೇ ಎಂದು ಕರೆದು, ದುಷ್ಟರು ಇನ್ನೆಷ್ಟು ದಿನ ಮೆರೆಯಬೇಕು ಎಂದು ಕೇಳುವ ಕೀರ್ತನೆ. ನಾಲ್ಕಾರು ಸಾಲು ಓದುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. ಪುಟದಲ್ಲಿ ಬೆರಳಿಟ್ಟುಕೊಂಡು, ಪುಸ್ತಕದ ಸಮೇತ ನೀರು ಕುಡಿಯಲು ಅಡುಗೆಮನೆಗೆ ಹೋದರು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ.

ಆಗ ಕೋಣೆಯಲ್ಲಿ ಹೆಣ್ಣಿನ ದನಿಯೊಂದು ಕೀರ್ತನೆಯನ್ನು ಮುಂದುವರಿಸಿತು. ಓದುವ ರಾಗವಲ್ಲ, ಎದುರಿಗಿದ್ದವರೊಡನೆ ಮಾತಾಡುವ ಹಾಗೆ. ದೇವರು ನನಗೆ ಒದಗದಿದ್ದರೆ ಇಷ್ಟರಲ್ಲೇ ನನ್ನ ಜೀವ ಮಾತಿಲ್ಲದ ಜಾಗ ಸೇರಿಬಿಡುತ್ತಿತ್ತು ಎಂಬ ಮಾತು. ತಿರುಗಿ ನೋಡಿದೆ. ಸುವರ್ಣಾ ನನ್ನನ್ನೇ ನೋಡುತ್ತಿದ್ದಳು, ತುಟಿ ಬಿಚ್ಚಿತ್ತು.

ಮಾರ್ಥಾಬಾಯಿ ಓಡಿಬಂದು ಪುಟ ತೆರೆದರು. ಅವರು ನಿಲ್ಲಿಸಿದ್ದಕ್ಕಿಂತ ಎಷ್ಟೋ ಕೆಳಗೆ ಆ ಮಾತಿತ್ತು. "ಇದನ್ನ ಈ ಮನ್ಯಾಗ ನಾ ಒಮ್ಮಿನೂ ಓದಿಲ್ರಿ" ಎಂದರು. ಸುವರ್ಣಾ ಮರಾಠಿ ಶಾಲೆಯಲ್ಲಿ ಕಲಿತವಳು, ಕನ್ನಡ ಅಕ್ಷರವೇ ಅವಳಿಗೆ ಗೊತ್ತಿಲ್ಲ.

ನಾನು ಬಸ್ಸಿಗೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೂತು, ಮೈಂದರ್ಗಿಯ ಹುಡುಗಿಯ ತಂದೆಯ ನಂಬರು ಹುಡುಕಿ ಫೋನ್ ಮಾಡಿದೆ. ಒಂದನ್ನೂ ಬಿಡದೆ ಹೇಳಿದೆ. ಸಂಬಂಧ ಆ ಸಂಜೆಯೇ ಮುರಿಯಿತು. ಅವನು ಮಂದಿಯೆದುರು ತಲೆ ತಗ್ಗಿಸಿ ಎದ್ದುಹೋದನಂತೆ. ಅದನ್ನು ಕೇಳಿ ನನಗೆ ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಮುಂದೆ ಚಿಕಿತ್ಸೆಯಿಂದ ಸುವರ್ಣಾಳಿಗೆ ಒಂದೊಂದೇ ಮಾತು ಬಂತು. "ನೂಕಿದ" ಎಂಬ ಮಾತು ಬಂದ ವಾರವೇ ಅವಳನ್ನು ಪೊಲೀಸರ ಬಳಿ ಕರೆದೊಯ್ದೆ. ಈಗ ಮೊಕದ್ದಮೆ ನಡೆದಿದೆ. ಪ್ರತಿ ತಾರೀಖಿಗೂ ಹೋಗಿ ಅವನಿಗೆ ಕಾಣುವಂತೆ ಕೂರುತ್ತೇನೆ.

ಬಾಯಿಪಾಠವಾದ ಮಾತುಗಳು ಇಂಥ ರೋಗಿಗಳ ಬಾಯಿಂದ ಒಮ್ಮೊಮ್ಮೆ ತಾನಾಗಿ ಬರುವುದುಂಟು ಎಂದರು ಡಾಕ್ಟರು. ಕೇಳಿಯೇ ಇರದ್ದು ಬಾಯಿಪಾಠವಾಗುವುದು ಹೇಗೆ? ಮಾರ್ಥಾಬಾಯಿಯನ್ನು ಕೇಳಿದರೆ, "ದನಿ ಕೇಳೀನ್ರಿ. ಅಕ್ಕ ತಂಗಿ ದನಿ ಒಂದೇ ಥರಾ ಅದಾವು, ಯಾರದಂತ ಹ್ಯಾಂಗ ಹೇಳ್ಲಿ?" ಅನ್ನುತ್ತಾರೆ. ಕೊನೆಗೆ ಸುವರ್ಣಾಳನ್ನೇ ಕೇಳಿದೆ. ಅವಳು ಬೆರಗಾಗಿ ನನ್ನನ್ನು ನೋಡಿದಳು.

"ನಾ ಎಲ್ಲಿ ಅಂದೀನಿ ಅಕ್ಕಾ? ಕಿಡಕಿ ಕಡಿ ಮಾರಿ ಮಾಡಿ ನೀನೇ ಅನ್ನಾಕತ್ತಿದ್ದಿ. ನಾ ಕೇಳಾಕತ್ತಿದ್ದೆ."

ಆ ಹೊತ್ತು ನಾನು ಹಲ್ಲು ಕಚ್ಚಿ ಹಿಡಿದು ನಿಂತಿದ್ದೆ, ದವಡೆ ನೋಯುತ್ತಿತ್ತು. ಅಷ್ಟು ಮಾತ್ರ ನನಗೆ ಖಚಿತವಾಗಿ ನೆನಪಿದೆ.